ಚೀಟಿ ನೋಡದೆ ಹದಿನೈದು ನಿಮಿಷ

ಚುನಾವಣೆಯ ಗಾಳಿ ಬೀಸಿತು ಅಂದರೆ ನಮ್ಮ ಬಸವೇಶ್ವರನಗರದ ಹೋಟೆಲುಗಳಲ್ಲಿ ಬೈಟು ಕಾಫಿಗೆ ಗಿರಾಕಿ ಜಾಸ್ತಿ. ಕಾಫಿ ಅರ್ಧ ಲೋಟ, ಮಾತು ಮಾತ್ರ ಪೂರ್ತಿ. ಹಿಂದಿನ ರಾತ್ರಿ ಯಾರು ಯಾರಿಗೆ ಏನಂದರು, ಯಾರ ಬಾಯಿ ಯಾರು ಮುಚ್ಚಿಸಿದರು ಎಂದು ಅಂಕ ಕೊಡುವ ಪರೀಕ್ಷಕರು ಪ್ರತಿ ಟೇಬಲಿನಲ್ಲೂ ಇರುತ್ತಾರೆ.

"ನಮ್ಮೋರು ಸರಿಯಾಗಿ ಇಕ್ಕಿದ್ರು ಕಣ್ರೀ."

"ಏನು ಹೇಳಿದರು ಸ್ವಾಮಿ?"

"ಏನ್ ಹೇಳಿದ್ರು ಅಂದ್ರೆ... ಅವರು ತಿರುಗಿ ಮಾತಾಡೋ ಹಾಗೇ ಇರಲಿಲ್ಲ, ಬಿಡಿ!"

ಹೇಳಿದ್ದೇನು ಅನ್ನುವುದು ಅವರಿಗೆ ನೆನಪಿಲ್ಲ. ಇಕ್ಕಿದ್ದು ಮಾತ್ರ ನೆನಪಿದೆ. ತಮ್ಮ ನಾಯಕನ ಮಾತನ್ನು ಕುಸ್ತಿ ನೋಡಿದ ಹಾಗೆ ನೋಡುವ ಈ ಚಾಳಿ ಎಲ್ಲ ಪಕ್ಷದ ಬೆಂಬಲಿಗರಿಗೂ ಅಂಟಿದೆ. ಇದರಿಂದ ನಷ್ಟವಾಗುತ್ತಿರುವುದು ಯಾವ ಪಕ್ಷಕ್ಕೂ ಅಲ್ಲ, ನಮ್ಮ ಬೀದಿಗೆ.

2018ರ ವಿಧಾನಸಭಾ ಚುನಾವಣೆಯನ್ನು ಓದುಗರು ಜ್ಞಾಪಿಸಿಕೊಳ್ಳಬೇಕು. ತಾನು ಪಾರ್ಲಿಮೆಂಟಿನಲ್ಲಿ ಹದಿನೈದು ನಿಮಿಷ ಮಾತಾಡಿದರೆ ಪ್ರಧಾನಿ ಎದುರು ನಿಲ್ಲಲಾರರು ಎಂದು ರಾಹುಲ್ ಗಾಂಧಿ ಅಂದಿದ್ದರು. ಮೇ 1ರಂದು ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಮೋದಿಯವರು ಅದಕ್ಕೆ ತಿರುಗೇಟು ಕೊಟ್ಟರು. ಹಿಂದಿಯಲ್ಲೋ, ಇಂಗ್ಲಿಷಿನಲ್ಲೋ, ನಿಮ್ಮ ತಾಯಿಯ ಮಾತೃಭಾಷೆಯಲ್ಲೋ, ಕೈಯಲ್ಲಿ ಚೀಟಿ ಇಲ್ಲದೆ ಕರ್ನಾಟಕ ಸರ್ಕಾರದ ಸಾಧನೆಯ ಬಗ್ಗೆ ಹದಿನೈದು ನಿಮಿಷ ಮಾತಾಡಿ ಎಂದರು. ಅದರ ಜೊತೆಗೆ ವಿಶ್ವೇಶ್ವರಯ್ಯನವರ ಹೆಸರನ್ನು ಐದು ಸಲ ಹೇಳಿ ಎಂಬ ಒಗ್ಗರಣೆ ಬೇರೆ. ಆ ಹೆಸರು ಹೇಳಲು ರಾಹುಲ್ ಅದಕ್ಕೆ ಮುಂಚೆ ತಡವರಿಸಿದ್ದರಲ್ಲ, ಅದರ ಮೇಲಿನ ಚುಚ್ಚು ಅದು. ಸಿದ್ದರಾಮಯ್ಯನವರು ಬಿಟ್ಟಾರೆಯೇ? ಯಡಿಯೂರಪ್ಪನವರ ಸರ್ಕಾರದ ಸಾಧನೆ ಬಗ್ಗೆ ನೀವು ಚೀಟಿ ನೋಡಿಕೊಂಡೇ ಹದಿನೈದು ನಿಮಿಷ ಮಾತಾಡಿ ನೋಡೋಣ ಅಂದರು.

ಭಲೇ ಜೋಡಿ! ರಾಜಾಜಿನಗರದ ಒಂದು ಟೇಬಲಿನಲ್ಲಿ ಮೋದಿಗೆ ನೂರಕ್ಕೆ ನೂರು, ಪಕ್ಕದ ಟೇಬಲಿನಲ್ಲಿ ಸಿದ್ದರಾಮಯ್ಯನವರಿಗೆ ನೂರಕ್ಕೆ ನೂರು. ಒಂದೇ ವೇದಿಕೆ ಮೇಲೆ ನಿಂತು ಆ ಹದಿನೈದು ನಿಮಿಷ ಮಾತಾಡಿದವರು ಮಾತ್ರ ಒಬ್ಬರೂ ಇಲ್ಲ. ಸವಾಲಿಗೆ ಸವಾಲು ಬಿತ್ತು, ಸಾಧನೆಯ ಪಟ್ಟಿ ಎರಡೂ ಕಡೆ ಜೇಬಿನಲ್ಲೇ ಉಳಿಯಿತು. ಅಂಕ ಕೊಟ್ಟವರು ಅದನ್ನು ಕೇಳಲೂ ಇಲ್ಲ.

ಮಾತಿನಲ್ಲಿ ಎಡವಿದ್ದಕ್ಕೂ ಇದೇ ಲೆಕ್ಕ. ಅದೇ ವರ್ಷ ಮಾರ್ಚ್ 27ರಂದು ದಾವಣಗೆರೆಯಲ್ಲಿ ಯಡಿಯೂರಪ್ಪನವರನ್ನು ಪಕ್ಕದಲ್ಲೇ ಕೂರಿಸಿಕೊಂಡು ಅಮಿತ್ ಶಾ ಅವರು ಭ್ರಷ್ಟಾಚಾರದ ಪೈಪೋಟಿಯಲ್ಲಿ ಮೊದಲ ಬಹುಮಾನ ಯಡಿಯೂರಪ್ಪ ಸರ್ಕಾರಕ್ಕೇ ಎಂಬ ಅರ್ಥ ಬರುವ ಹಾಗೆ ಬಾಯಿ ತಪ್ಪಿದರು. ಪಕ್ಕದವರು ಪಿಸುಗುಟ್ಟಿದ ಮೇಲೆ ತಿದ್ದಿಕೊಂಡರು. ಕಾಂಗ್ರೆಸ್ಸಿನವರಿಗೆ ಅಂದು ಯುಗಾದಿ, ದೀಪಾವಳಿ ಎರಡೂ ಒಟ್ಟಿಗೆ ಬಂದಂತಾಯಿತು. ಮೊಬೈಲಿನಿಂದ ಮೊಬೈಲಿಗೆ ಆ ತುಣುಕು ಓಡಿದ್ದೇ ಓಡಿದ್ದು. ಮೇ 15ಕ್ಕೆ ಪೆಟ್ಟಿಗೆ ತೆರೆದಾಗ ಏನಾಯಿತು? ಬಿಜೆಪಿಗೆ 104 ಸ್ಥಾನ, ಎಲ್ಲರಿಗಿಂತ ಹೆಚ್ಚು. ಓಟಿನ ಪಾಲು ನೋಡಿದರೆ ಕಾಂಗ್ರೆಸ್ಸೇ ಒಂದು ಹೆಜ್ಜೆ ಮುಂದೆ. ಮುಖ್ಯಮಂತ್ರಿಯಾದವರು ಮೂರನೇ ಪಕ್ಷದ ಕುಮಾರಸ್ವಾಮಿ. ಯಾರ ಭಾಷಣಕ್ಕೆ ಎಷ್ಟು ಮಾರ್ಕ್ಸ್ ಅಂತ ಇದರಿಂದ ಲೆಕ್ಕ ಹಾಕುವವರು ಹಾಕಲಿ.

ನಮ್ಮ ಕಡೆಯನ್ನೇ ನೋಡಿ. ಅದೇ ಟೀವಿ, ಅದೇ ಭಾಷಣ, ಅದೇ ತಿರುಗೇಟು ಕೇಳಿದ ಪಶ್ಚಿಮ ಬೆಂಗಳೂರಿನಲ್ಲಿ 2018ರಲ್ಲಿ ರಾಜಾಜಿನಗರದಿಂದ ಬಿಜೆಪಿಯ ಸುರೇಶ್ ಕುಮಾರ್ ಗೆದ್ದರು, ಗೋವಿಂದರಾಜನಗರದಿಂದ ಬಿಜೆಪಿಯ ಸೋಮಣ್ಣ ಗೆದ್ದರು. ವಿಜಯನಗರದಲ್ಲಿ ಕಾಂಗ್ರೆಸ್ಸಿನ ಎಂ. ಕೃಷ್ಣಪ್ಪ, ಕೆಂಗೇರಿ ಸೇರಿದ ಯಶವಂತಪುರದಲ್ಲಿ ಕಾಂಗ್ರೆಸ್ಸಿನ ಎಸ್.ಟಿ. ಸೋಮಶೇಖರ್, ಮಹಾಲಕ್ಷ್ಮಿ ಲೇಔಟಿನಲ್ಲಿ ಜನತಾದಳದ ಗೋಪಾಲಯ್ಯ. ಅಕ್ಕಪಕ್ಕದ ಐದು ಕ್ಷೇತ್ರ, ಮೂರು ಪಕ್ಷ. ಮುಂದಿನ ವರ್ಷವೇ ಸೋಮಶೇಖರ್, ಗೋಪಾಲಯ್ಯ ಇಬ್ಬರೂ ರಾಜೀನಾಮೆ ಕೊಟ್ಟು, 2019ರ ಡಿಸೆಂಬರ್ ಉಪಚುನಾವಣೆಯಲ್ಲಿ ಬಿಜೆಪಿಯಿಂದ ಗೆದ್ದು ಬಂದರು. ಹಿಂದಿನ ವರ್ಷ ಅವರು ಆಡಿದ ಮಾತಿಗೆ ಚಪ್ಪಾಳೆ ತಟ್ಟಿದವರೂ ಈ ವರ್ಷ ಅದರ ಉಲ್ಟಾ ಮಾತಿಗೆ ಚಪ್ಪಾಳೆ ತಟ್ಟಿದವರೂ ಎಷ್ಟೋ ಕಡೆ ಅದೇ ಜನ. ಕೈ ನೋವು ಬರುವುದಿಲ್ಲವೇ ಎಂದು ನಾವು ಕೇಳಿದ್ದುಂಟು. "ನಾವು ಪಾರ್ಟಿ ನೋಡಲ್ಲ ಸಾರ್, ಅಣ್ಣನ್ನ ನೋಡ್ತೀವಿ" ಎಂಬ ಉತ್ತರ ಬಂತು. ಪ್ರಾಮಾಣಿಕ ಉತ್ತರ, ಮೆಚ್ಚಬೇಕು.

2023ರಲ್ಲಿ ಪಾಠ ಸ್ವಲ್ಪ ಬದಲಾಯಿತು. ಕಾಂಗ್ರೆಸ್ಸಿನವರು ತಿರುಗೇಟು ಕಡಿಮೆ ಮಾಡಿದರು ಅಂತಲ್ಲ. 40 ಪರ್ಸೆಂಟಿನ ಮಾತು, ಗೋಡೆಗೆ ಹಚ್ಚಿದ 'ಪೇ ಸಿಎಂ' ಪೋಸ್ಟರು ಎಲ್ಲ ಇತ್ತು. ಆದರೆ ಅದರ ಜೊತೆಗೆ ಐದು ಗ್ಯಾರಂಟಿಯ ಕಾರ್ಡು ಮನೆ ಬಾಗಿಲಿಗೆ ಬಂತು. 200 ಯೂನಿಟ್ ಕರೆಂಟು, ಮನೆಯೊಡತಿಗೆ ತಿಂಗಳಿಗೆ 2000 ರೂಪಾಯಿ, ಬಸ್ಸಿನಲ್ಲಿ ಹೆಂಗಸರಿಗೆ ಟಿಕೇಟಿಲ್ಲ. ವಿಜಯನಗರ ಮಾರುಕಟ್ಟೆಯಲ್ಲಿ ಹೂ ಮಾರುವ ಹೆಂಗಸೊಬ್ಬರನ್ನು ಯಾರ ಭಾಷಣ ಚೆನ್ನಾಗಿತ್ತಮ್ಮ ಎಂದು ಕೇಳಿದಾಗ, "ಭಾಷಣ ಯಾರ್ ಕೇಳ್ತಾರಣ್ಣ, ಬಸ್ಸು ಫ್ರೀ ಅಂತಲ್ಲ, ನಿಜಾನಾ?" ಎಂದು ನಮಗೇ ತಿರುಗಿ ಪ್ರಶ್ನೆ ಹಾಕಿದರು. ಜೂನ್ 11ಕ್ಕೆ ಅದು ನಿಜವಾಯಿತು. ರಾಜ್ಯದಲ್ಲಿ ಕಾಂಗ್ರೆಸ್ಸಿಗೆ 135 ಸ್ಥಾನ ಬಂತು.

ಹಾಗಂತ ಕಾರ್ಡೇ ಎಲ್ಲವನ್ನೂ ಗೆಲ್ಲಿಸಿತು ಎಂದು ಕೈ ಪಕ್ಷದ ಪರೀಕ್ಷಕರು ಎದೆ ಉಬ್ಬಿಸುವುದೂ ಬೇಡ. ರಾಜ್ಯವೆಲ್ಲ ಆ ಕಡೆ ವಾಲಿದಾಗ ಬೆಂಗಳೂರಿನ 28 ಸ್ಥಾನದಲ್ಲಿ ಬಿಜೆಪಿ 16 ಗೆದ್ದಿತು, 2018ಕ್ಕಿಂತ ಐದು ಹೆಚ್ಚು. ರಾಜಾಜಿನಗರದಲ್ಲಿ ಕಾಂಗ್ರೆಸ್ ನಿಲ್ಲಿಸಿದ್ದು ಆ ಮಾರ್ಚಿನವರೆಗೂ ಬಿಜೆಪಿಯ ವಿಧಾನ ಪರಿಷತ್ ಸದಸ್ಯರಾಗಿದ್ದ ಪುಟ್ಟಣ್ಣನವರನ್ನು. ಸುರೇಶ್ ಕುಮಾರರೇ ಮತ್ತೆ ಗೆದ್ದರು. ಜಯನಗರದಲ್ಲಿ ಗೆಲುವಿನ ಅಂತರ 16 ಓಟು, ಗಾಂಧಿನಗರದಲ್ಲಿ 105. ಒಂದು ಓಣಿಯ ಜನ ಮನಸ್ಸು ಮಾಡಿದ್ದರೆ ಫಲಿತಾಂಶವೇ ಬೇರೆ. ಆ ಓಣಿಗೆ ಬೇಕಾದ್ದೇನು ಎಂದು ಬೈಟು ಕಾಫಿಯ ಟೇಬಲಿನಲ್ಲಿ ಯಾರೂ ಕೇಳುವುದಿಲ್ಲ.

ಅಭ್ಯರ್ಥಿಗಳನ್ನು ಒಂದೇ ವೇದಿಕೆಗೆ ಕರೆಸಿ ಪ್ರಶ್ನೆ ಕೇಳುವ ಒಳ್ಳೆಯ ಪದ್ಧತಿಯನ್ನು ನಮ್ಮ ಕೆಲವು ಬಡಾವಣೆಗಳ ನಿವಾಸಿಗಳ ಸಂಘಗಳು ಇಟ್ಟುಕೊಂಡಿವೆ. ಅಂಥ ಒಂದು ಸಭೆಯಲ್ಲಿ ಈ ಅಂಕಣಕಾರ ಕೂತಿದ್ದ. ಕರೆದವರಲ್ಲಿ ಒಬ್ಬರು ಬರಲಿಲ್ಲ, ಅವರ ಹೆಸರಿನ ಹಲಗೆ ಮಾತ್ರ ಮೇಜಿನ ಮೇಲಿತ್ತು. ಮುಂದಿನ ನಾಲ್ಕು ಸಾಲು ಶಾಲು ಹೊದ್ದ ಬೆಂಬಲಿಗರದು. ಬಡಾವಣೆಯವರು ಹಿಂದೆ, ಹಲವರು ನಿಂತುಕೊಂಡೇ ಇದ್ದರು. ನಿವೃತ್ತರೊಬ್ಬರು ಎದ್ದು, ನಾಲ್ಕಾಗಿ ಮಡಿಸಿದ್ದ ಕಾಗದ ಬಿಡಿಸಿ ಓದಿದರು. ಪ್ರಶ್ನೆ ವೃಷಭಾವತಿಯದು. ನಮ್ಮ ಬಡಾವಣೆಗಳ ಕೊಳಚೆ ಹೊತ್ತು ಮೈಸೂರು ರಸ್ತೆ ಪಕ್ಕದಲ್ಲಿ ಕೆಂಗೇರಿ ಕಡೆ ಹರಿಯುತ್ತದಲ್ಲ, ಬೈರಮಂಗಲ ಕೆರೆಗೆ ಹೋಗಿ ಬೀಳುತ್ತದಲ್ಲ, ಅದು. ದೊಡ್ಡ ಮಳೆಗೆ ಗಾಳಿ ಆಂಜನೇಯನ ಗುಡಿಯೊಳಗೇ ನೀರು ನುಗ್ಗಿದ್ದುಂಟು. ನಮ್ಮ ಬೀದಿಯ ರಾಜಕಾಲುವೆಗೆ ತಡೆಗೋಡೆ ಎಂದು ಕಟ್ಟುತ್ತೀರಿ, ಹೂಳು ವರ್ಷಕ್ಕೆ ಎಷ್ಟು ಸಲ ಎತ್ತಿಸುತ್ತೀರಿ ಎಂದು ಆ ಹಿರಿಯರು ಕೇಳಿದರು.

ಅಭ್ಯರ್ಥಿ ಮೈಕು ಹಿಡಿದು ತಮ್ಮ ಪಕ್ಷದ ದೆಹಲಿ ನಾಯಕರ ಹೆಸರು ಹೇಳಿದರು. ಚಪ್ಪಾಳೆ. ಹಿಂದಿನ ಸರ್ಕಾರವನ್ನು ಬೈದರು. ಶಿಳ್ಳೆ. ಎದುರಾಳಿಯೂ ಅಷ್ಟೇ ಖಾರವಾಗಿ ಉತ್ತರಿಸಿದರು, ಆ ಕಡೆಯ ಚಪ್ಪಾಳೆ. ಹೂಳಿನ ಮಾತು ಆ ಗದ್ದಲದಲ್ಲಿ ಮುಳುಗಿತು. ಹಿರಿಯರು "ಸ್ವಾಮಿ, ನಾನು ಕೇಳಿದ್ದು..." ಎಂದು ಎರಡು ಸಲ ಶುರು ಮಾಡಿ, ಕಾಗದ ಮಡಿಸಿ ಕೂತರು. ಹೊರಗೆ ಬಂದ ಮೇಲೆ ಶಾಲಿನವರೊಬ್ಬರು ನಮ್ಮ ಬೆನ್ನು ತಟ್ಟಿ, "ಹೆಂಗಿತ್ತು ಸಾರ್ ನಮ್ಮಣ್ಣಂದು? ಚೆನ್ನಾಗಿ ಬರೀರಿ" ಎಂದರು. ಅವರ ಮನೆಯೂ ಅದೇ ಕಾಲುವೆಯ ಪಕ್ಕದಲ್ಲಿ. ಮಳೆ ಬಂದರೆ ಅವರೂ ಹಾಸಿಗೆ ಎತ್ತಿ ಮಂಚದ ಮೇಲೆ ಇಡಬೇಕು.

2020ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ವಾರ್ಡಿಗೊಬ್ಬ ಸದಸ್ಯನಿಲ್ಲದೆ ಬೆಂಗಳೂರು ನಡೆಯಿತು. 2025ರ ಸೆಪ್ಟೆಂಬರಿನಲ್ಲಿ ಊರನ್ನು ಐದು ಪಾಲಿಕೆ ಮಾಡಿದರು, ರಾಜಾಜಿನಗರ, ವಿಜಯನಗರ ಪಶ್ಚಿಮದ ಪಾಲಿಗೆ ಬಂದವು. ವಾರ್ಡಿನ ಚುನಾವಣೆಯಲ್ಲಿ ವಿಶ್ವೇಶ್ವರಯ್ಯನವರ ಹೆಸರು ಐದು ಸಲ ಹೇಳುವ ಅಗತ್ಯವಿಲ್ಲ. ಅವರು ಕಲಿಸಿದ ಚರಂಡಿ ಲೆಕ್ಕ ಬಂದರೆ ಸಾಕು.

ಸಂಘದವರಿಗೆ ನಮ್ಮದೊಂದು ವಿನಂತಿ. ಅಭ್ಯರ್ಥಿಗಳನ್ನು ಕರೆಸುವ ಸಭೆಯಲ್ಲಿ ಮುಂದಿನ ನಾಲ್ಕು ಸಾಲು ಬಡಾವಣೆಯವರಿಗೆ ಮೀಸಲಿಡಿ. ಪಕ್ಷದ ಶಾಲನ್ನು ಚಪ್ಪಲಿ ಜೊತೆ ಹೊರಗೆ ಬಿಡಿಸಿ. ಪ್ರಶ್ನೆಗಳನ್ನು ಮೊದಲೇ ಬರೆಸಿಕೊಂಡು ಅಭ್ಯರ್ಥಿಯ ಕೈಗೆ ಕೊಡಿ, ಚೀಟಿ ನೋಡಿಕೊಂಡೇ ಉತ್ತರ ಹೇಳಲಿ, ಅಡ್ಡಿಯಿಲ್ಲ. ಹೂಳಿಗೆ ಉತ್ತರ ಬರುವ ತನಕ ಮೈಕು ಇನ್ನೊಬ್ಬರ ಕೈಗೆ ಹೋಗದಿರಲಿ.