ಅಂಗಳವೇ ಡೊಂಕಾಗಿರುವಾಗ

ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ. ಈ ಗಾದೆ ಕಟ್ಟಿದವನು ಗಂಡಸೇ ಇರಬೇಕೆಂದು ನನಗೆ ಬಹಳ ದಿನಗಳಿಂದ ಅನುಮಾನ. ಅಂಗಳ ನಿಜಕ್ಕೂ ಡೊಂಕಾಗಿದೆಯೋ ಹೇಗೆ ಎಂದು ಒಮ್ಮೆಯಾದರೂ ಬಗ್ಗಿ ನೋಡಿದವರುಂಟೇ? ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಕಾಲೇಜು ಹುಡುಗಿಯರ ಆಟದ ಮಾತು ಬಂದಾಗಲೆಲ್ಲ ನನಗೆ ಈ ಗಾದೆ ನೆನಪಾಗುತ್ತದೆ. ಅದರಲ್ಲೂ ಬ್ಯಾಸ್ಕೆಟ್‌ಬಾಲಿನಂಥ ಸ್ವಲ್ಪ ಖರ್ಚಿನ ಆಟವಾದರೆ ಮುಗಿಯಿತು. "ನಮ್ಮ ಹುಡುಗಿಯರು ಆಡುವುದಕ್ಕೆ ಬರುವುದೇ ಇಲ್ಲ. ಬಂದರೂ ನಾಲ್ಕು ದಿನ. ಅವರ ಮೇಲೆ ದುಡ್ಡು ಸುರಿದು ಏನು ಪ್ರಯೋಜನ?" ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ಮಾತಿನಲ್ಲಿ ಕಾರಣ ಯಾವುದು, ಪರಿಣಾಮ ಯಾವುದು ಎಂಬುದನ್ನೇ ತಿರುವುಮುರುವು ಮಾಡಿದ್ದಾರೆ ಎಂದು ತೋರಿಸುವುದಷ್ಟೇ ಇಲ್ಲಿ ನನ್ನ ಉದ್ದೇಶ.

ಮೊದಲು ದುಡ್ಡು ಯಾರದು ಎಂಬುದನ್ನು ನೋಡೋಣ. ಪ್ರವೇಶದ ದಿನ ಕಾಲೇಜಿನ ಕೌಂಟರಿನಲ್ಲಿ ಕೊಡುವ ರಸೀದಿಯನ್ನು ನಾವು ತಾಯಂದಿರು ಮಡಚಿ ಪರ್ಸಿನೊಳಗೆ ಹಾಕಿಕೊಳ್ಳುತ್ತೇವೆ. ಈ ಸಲ ಬಿಡಿಸಿ ಓದಿ. ಅದರಲ್ಲಿ ಕ್ರೀಡಾ ಶುಲ್ಕವೆಂಬ ಒಂದು ಸಾಲು ಇರುತ್ತದೆ. ನಾನು ನೋಡಿದ ರಸೀದಿಗಳಲ್ಲೆಲ್ಲ ಹುಡುಗನಿಗೆ ಎಷ್ಟೋ ಹುಡುಗಿಗೂ ಅಷ್ಟೇ. ಕೊಡುವಾಗ ಸಮಾನತೆಗೆ ಏನೂ ಕೊರತೆ ಇಲ್ಲ. ಎಷ್ಟೋ ತರಗತಿಗಳಲ್ಲಿ ಇಂದು ಅರ್ಧಕ್ಕಿಂತ ಹೆಚ್ಚು ಬೆಂಚುಗಳು ಹೆಣ್ಣುಮಕ್ಕಳವೇ. ಹಾಗಿದ್ದರೆ ಕ್ರೀಡಾ ಶುಲ್ಕದಲ್ಲಿಯೂ ಅರ್ಧಕ್ಕಿಂತ ಹೆಚ್ಚು ಪಾಲು ಅವರದೇ ಆಯಿತಲ್ಲ. ಅದು ಯಾರೋ ದೊಡ್ಡ ಮನಸ್ಸು ಮಾಡಿ ಕೊಡುವ ದಾನವಲ್ಲ. ಅವರದೇ ದುಡ್ಡಿನಲ್ಲಿ ಅವರಿಗೊಂದು ಚೆಂಡು ಕೇಳಿದರೆ "ಅನುದಾನ ಇಲ್ಲಮ್ಮ" ಎನ್ನುವುದು ಯಾವ ನ್ಯಾಯ?

ನಾನು ಓದಿದ ಕಾಲೇಜಿನ ಹೆಸರು ಬೇಡ. ಅಲ್ಲಿ ಹುಡುಗಿಯರ ತಂಡಕ್ಕೆ ಸ್ವಂತ ಜರ್ಸಿ ಇರಲಿಲ್ಲ. ಹುಡುಗರು ಹೊಸದು ಹೊಲಿಸಿಕೊಂಡ ವರ್ಷ ಅವರ ಹಳೆಯದು ನಮಗೆ. ಮೊಣಕಾಲು ಮುಟ್ಟುವ ಆ ಅಂಗಿಗಳನ್ನು ಒಗೆದು, ಪಿನ್ನು ಹಾಕಿಕೊಂಡು ಅಂತರ ಕಾಲೇಜು ಪಂದ್ಯಕ್ಕೆ ಹೋದೆವು. ಮೊದಲ ಸುತ್ತಿನಲ್ಲೇ ಸೋತು ಬಂದೆವು. ಮರುವರ್ಷ ತಂಡವನ್ನೇ ಕಳಿಸಲಿಲ್ಲ. "ಗೆಲ್ಲದವರಿಗೆ ಯಾಕೆ ಖರ್ಚು" ಎಂದರು. ಅಭ್ಯಾಸಕ್ಕೆ ಚೆಂಡು ಕೊಡದೆ, ಹೇಳಿಕೊಡುವವರನ್ನು ಕೊಡದೆ, ಗೆದ್ದು ಬಂದರೆ ಕೊಡುತ್ತೇವೆ ಎನ್ನುವುದು, ಈಜು ಕಲಿತ ಮೇಲೆ ನೀರಿಗಿಳಿ ಎಂದ ಹಾಗೆ.

ಈಗ ಕಾಲ ಬದಲಾಗಿದೆ ಎನ್ನುವಿರೇನೋ. ನನ್ನ ನಾದಿನಿಯ ಮಗಳು ಎತ್ತರದ ಹುಡುಗಿ, ಚುರುಕು. ಪಿಯುಸಿಯಲ್ಲಿದ್ದಾಗ ಚೆನ್ನಾಗಿ ಆಡುತ್ತಿದ್ದಳು. ಡಿಗ್ರಿಗೆ ಸೇರಿದ ಮೇಲೆ ಬಿಟ್ಟಳು. ಯಾಕೆಂದು ಕೇಳಿದರೆ, "ಅತ್ತೆ, ಪ್ರಾಕ್ಟೀಸು ಶುರುವಾಗುವುದು ನಾಲ್ಕೂವರೆಗೆ. ನಮ್ಮೂರಿಗೆ ಕೊನೇ ಬಸ್ಸು ಐದಕ್ಕೆ" ಅಂದಳು. ಅಷ್ಟೇ. ಅವಳಿಗೆ ಆಸಕ್ತಿ ಕಡಿಮೆಯಾಯಿತು ಎಂದು ಕಾಲೇಜಿನವರು ಬರೆದುಕೊಂಡಿರುತ್ತಾರೆ. ಕಡಿಮೆಯಾದದ್ದು ಬಸ್ಸು.

ನಮ್ಮ ಸೀಮೆಯ ಬಸ್ಸಿನ ಕತೆ ನಿಮಗೆ ಗೊತ್ತೇ ಇದೆ. ಶಂಕರ್ ಕಂಪನಿ ನಿಂತಾಗ ಕಾರ್ಮಿಕರೇ ಸೇರಿ 1991ರಲ್ಲಿ ಕೊಪ್ಪದಲ್ಲಿ ಸಹಕಾರ ಸಾರಿಗೆ ಕಟ್ಟಿದರು. ಅದೂ 2020ರ ಫೆಬ್ರವರಿಯಲ್ಲಿ ನಷ್ಟ ತಾಳಲಾರದೆ ನಿಂತುಹೋಯಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು, ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಲ್ಲ. ಸಂತೋಷ. ಆದರೆ ಖಾಸಗಿ ಬಸ್ಸು ಮಾತ್ರ ಓಡುವ ದಾರಿಯಲ್ಲಿ ಅದರಿಂದ ಏನು ಬಂತು? ಹುಡುಗನಾದರೆ ಯಾರದೋ ಬೈಕಿನ ಹಿಂದೆ ಕೂತು ಮನೆ ಸೇರುತ್ತಾನೆ. ಹುಡುಗಿಗೆ ಕತ್ತಲಾಗುವ ಮುಂಚೆ ಬಸ್ಸೇ ಬೇಕು. ಹಾಗಾಗಿ ಹುಡುಗಿಯರ ತಂಡದ ಖರ್ಚೆಂದರೆ ಚೆಂಡು, ಬೂಟು ಮಾತ್ರವಲ್ಲ. ವಾರಕ್ಕೆ ಮೂರು ದಿನ ಅವರನ್ನು ಊರು ಮುಟ್ಟಿಸುವ ಒಂದು ಜೀಪಿನ ಬಾಡಿಗೆಯೂ ಕ್ರೀಡಾ ಖರ್ಚೇ. ಆ ಲೆಕ್ಕ ಹಾಕದೆ "ನಾವು ಇಬ್ಬರಿಗೂ ಒಂದೇ ಸಮ ಕೊಟ್ಟಿದ್ದೇವೆ" ಎಂದರೆ, ಕೊಕ್ಕರೆಗೂ ನರಿಗೂ ಒಂದೇ ತಟ್ಟೆಯಲ್ಲಿ ಪಾಯಸ ಬಡಿಸಿದ ಹಾಗಾಯಿತು.

ಇನ್ನು ಥ್ರೋಬಾಲ್. ಹೆಣ್ಣುಮಕ್ಕಳಿಗೆ ಹೇಳಿಮಾಡಿಸಿದ ಆಟವೆಂದು ನಮ್ಮ ಶಾಲೆ ಕಾಲೇಜುಗಳಲ್ಲಿ ಅದಕ್ಕೆ ಬಹಳ ಮನ್ನಣೆ. ಆಟ ಚೆನ್ನಾಗಿದೆ, ನಾನೂ ಆಡಿದ್ದೇನೆ, ದೂರುವುದಿಲ್ಲ. ಆದರೆ ಅದು ಹುಡುಗಿಯರಿಗೆ ಮೀಸಲಾದದ್ದು ಅವರ ಕೋಮಲ ಕೈಗಳಿಗಾಗಿ ಅಲ್ಲ. ಒಂದು ನೆಟ್ಟು, ಒಂದು ಚೆಂಡು ಇದ್ದರೆ ಇಡೀ ಕಾಲೇಜಿನ ಹುಡುಗಿಯರ ಬಾಬ್ತು ಮುಗಿಯುತ್ತದಲ್ಲ, ಅದಕ್ಕೆ. ಒಲಿಂಪಿಕ್ಸಿನಲ್ಲಾಗಲಿ ಏಷ್ಯನ್ ಕ್ರೀಡಾಕೂಟದಲ್ಲಾಗಲಿ ಥ್ರೋಬಾಲ್ ಇಲ್ಲ. ಬ್ಯಾಸ್ಕೆಟ್‌ಬಾಲ್ ಎರಡರಲ್ಲೂ ಇದೆ. ಅದು ಹೆಂಗಸರಿಗೆ ಹೊಸದೂ ಅಲ್ಲ. 1891ರಲ್ಲಿ ಅಮೆರಿಕದಲ್ಲಿ ಆ ಆಟ ಹುಟ್ಟಿತು, ಮರುವರ್ಷವೇ ಅಲ್ಲಿನ ಸ್ಮಿತ್ ಎಂಬ ಮಹಿಳಾ ಕಾಲೇಜಿನಲ್ಲಿ ಸೆಂಡಾ ಬೆರೆನ್ಸನ್ ಎಂಬ ಶಿಕ್ಷಕಿ ಅದನ್ನು ತನ್ನ ವಿದ್ಯಾರ್ಥಿನಿಯರಿಗೆ ಕಲಿಸಿದಳು. 2017ರ ಜುಲೈಯಲ್ಲಿ ನಮ್ಮ ಬೆಂಗಳೂರಿನಲ್ಲೇ ಮಹಿಳೆಯರ ಏಷ್ಯಾ ಕಪ್ ನಡೆದು, ಬಿ ವಿಭಾಗದಲ್ಲಿ ಭಾರತದ ಹುಡುಗಿಯರು ಗೆದ್ದರು.

"ಅಂಕಣ ಎಲ್ಲಿದೆ? ಜೂನಿನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ಕಳೆದರೂ ಬಿಡುವುದಿಲ್ಲ, ನೆಲವೆಲ್ಲ ಪಾಚಿ, ಕಂಬವೆಲ್ಲ ತುಕ್ಕು" ಎಂಬುದು ಮುಂದಿನ ತಕರಾರು. ನಿಜ, ಮಲೆನಾಡಿನ ಮಳೆ ಸಾಮಾನ್ಯವಲ್ಲ. ಆದರೆ ಬ್ಯಾಸ್ಕೆಟ್‌ಬಾಲ್ ಅಂಕಣವೆಂದರೆ 28 ಮೀಟರ್ ಉದ್ದ, 15 ಮೀಟರ್ ಅಗಲದ ಗಟ್ಟಿ ನೆಲ. ಕಾಫಿ ಒಣಗಿಸಲು ಇದಕ್ಕಿಂತ ದೊಡ್ಡ ಸಿಮೆಂಟಿನ ಕಣ ಹಾಕಿಸಿದ ತೋಟಗಳು ನಮ್ಮಲ್ಲಿಲ್ಲವೇ? ಅಡಿಕೆಗೆ ಮಳೆ ತಾಗದಂತೆ ಹೊದಿಸಲು ಗೊತ್ತಿರುವ ಊರಿಗೆ, ಮಕ್ಕಳು ಆಡುವ ನೆಲದ ಮೇಲೊಂದು ತಗಡಿನ ಮಾಡು ಹಾಕಿಸಲು ಗೊತ್ತಿಲ್ಲವೇ? ಯಾವುದು ಹಾಳಾದರೆ ನಷ್ಟವೆಂದು ನಾವು ಎಣಿಸುತ್ತೇವೆ ಎಂಬುದಷ್ಟೇ ಪ್ರಶ್ನೆ.

ಊರಿನಲ್ಲಿ ದುಡ್ಡಿಲ್ಲ ಎಂದು ಮಾತ್ರ ಯಾರೂ ಹೇಳಬೇಡಿ. ಮಳೆ ಬಿಟ್ಟಿತೆಂದರೆ ಹೊನಲು ಬೆಳಕಿನ ಪಂದ್ಯಾವಳಿಗಳ ಸುಗ್ಗಿ. ರಸೀದಿ ಪುಸ್ತಕ ಹಿಡಿದು ಹುಡುಗರು ಮನೆ ಬಾಗಿಲಿಗೆ ಬರುತ್ತಾರೆ. ಪಾಪ ಎಂದು ನಾವೇ ಸಾಸಿವೆ ಡಬ್ಬಿಯಿಂದ ತೆಗೆದು ಕೊಡುತ್ತೇವೆ. ಆಳೆತ್ತರದ ಟ್ರೋಫಿ, ಧ್ವನಿವರ್ಧಕ, ನಗದು ಬಹುಮಾನ ಎಲ್ಲವೂ ಗಂಡಸರಿಗೆ. ಬಹಳವಾದರೆ ನಡುವೆ ಮಹಿಳೆಯರದೊಂದು ಪ್ರದರ್ಶನ ಪಂದ್ಯ. ಮುಂದಿನ ಸಲ ಕೊಡುವ ಮುಂಚೆ "ಹುಡುಗಿಯರ ಪಂದ್ಯ ಇದೆಯೇನಪ್ಪಾ, ಅದಕ್ಕೂ ಬಹುಮಾನ ಅಷ್ಟೇ ತಾನೇ?" ಎಂದು ಕೇಳಿ ನೋಡಿ.

"ಹೆಂಗಸರ ಆಟ ಯಾರು ನೋಡುತ್ತಾರೆ?" ಎಂಬ ಕೊನೆಯ ಬಾಣವೂ ಇದೆ. ಅಮೆರಿಕದಲ್ಲಿಯೂ ಇದನ್ನೇ ಹೇಳುತ್ತಿದ್ದರು. ಅಲ್ಲಿ 1972ರಲ್ಲೇ ಸರ್ಕಾರದ ಹಣ ಪಡೆಯುವ ವಿದ್ಯಾಸಂಸ್ಥೆಗಳು ಹೆಣ್ಣೆಂಬ ಕಾರಣಕ್ಕೆ ಭೇದ ಮಾಡಕೂಡದು ಎಂದು ಕಾನೂನು ಬಂತು. ಆದರೂ 2021ರ ಕಾಲೇಜು ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಯಲ್ಲಿ ಗಂಡಸರಿಗೆ ದೊಡ್ಡ ವ್ಯಾಯಾಮಶಾಲೆ, ಹೆಂಗಸರಿಗೆ ಒಂದು ಸಾಲು ಡಂಬೆಲ್! ಒಬ್ಬ ಆಟಗಾರ್ತಿ ಅದನ್ನು ವಿಡಿಯೋ ಮಾಡಿ ಜಗತ್ತಿಗೆ ತೋರಿಸಿದಳು. ತನಿಖೆಯಾಯಿತು. ಹೆಂಗಸರ ಪಂದ್ಯಾವಳಿಯ ಪ್ರಸಾರದ ಹಕ್ಕನ್ನು ಬೇರೆ ಆಟಗಳ ಜೊತೆ ಗಂಟು ಕಟ್ಟಿ ಅಗ್ಗಕ್ಕೆ ಮಾರಿದ್ದರೆಂದೂ, ಅದೊಂದಕ್ಕೇ ವರ್ಷಕ್ಕೆ 8 ಕೋಟಿ ಡಾಲರಿಗೂ ಹೆಚ್ಚು ಬಂದೀತೆಂದೂ ಗೊತ್ತಾಯಿತು. 2024ರ ಹೆಂಗಸರ ಫೈನಲನ್ನು ಸುಮಾರು 1.89 ಕೋಟಿ ಜನ ನೋಡಿದರು, ಗಂಡಸರದನ್ನು 1.48 ಕೋಟಿ. ತೋರಿಸಿದಾಗ ನೋಡಿದರು ನೋಡಿ! ನಮ್ಮಲ್ಲೂ ಬೇರೆಯಲ್ಲ. ಶಾಂತಾ ರಂಗಸ್ವಾಮಿ ಭಾರತದ ಮಹಿಳಾ ಕ್ರಿಕೆಟ್ ತಂಡವನ್ನು ಮುನ್ನಡೆಸಿದ್ದು 1976ರಲ್ಲಿ. ಗಂಡಸರಷ್ಟೇ ಪಂದ್ಯ ಸಂಭಾವನೆ ಕೊಡುತ್ತೇವೆಂದು ಮಂಡಳಿ ಒಪ್ಪಿದ್ದು 2022ರಲ್ಲಿ. ನಡುವಿನ 46 ವರ್ಷ ಆಡಿದವರು ಕೆಟ್ಟದಾಗಿ ಆಡಿದರೆಂದೇ?

ಆಟವೆಂದರೆ ಬರೀ ಮೋಜಲ್ಲ, ಅದಕ್ಕೇ ಇಷ್ಟು ಹೇಳಬೇಕಾಯಿತು. ಶೃಂಗೇರಿಯಿಂದ ಘಟ್ಟ ಇಳಿದರೆ ಕಾರ್ಕಳ. ಆ ತಾಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ ಕಬಡ್ಡಿ ಆಡಿ ರೈಲ್ವೆಯಲ್ಲಿ ಕೆಲಸ ಪಡೆದರು, 2010 ಮತ್ತು 2014ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ತಂದರು. ನಮ್ಮದೇ ಜಿಲ್ಲೆಯ ಕಡೂರಿನ ವೇದಾ ಕೃಷ್ಣಮೂರ್ತಿ 2017ರಲ್ಲಿ ಲಾರ್ಡ್ಸ್‌ನಲ್ಲಿ ವಿಶ್ವಕಪ್ ಫೈನಲ್ ಆಡಿದರು. ಅದಕ್ಕಾಗಿ ಅವರು ಚಿಕ್ಕ ವಯಸ್ಸಿನಲ್ಲೇ ಬೆಂಗಳೂರು ಸೇರಬೇಕಾಯಿತು. ಊರು ಬಿಟ್ಟು ಹೋಗಲಾರದ ಹುಡುಗಿಗೆ ಊರಿನ ಕಾಲೇಜೇ ಗತಿ. ಅವಳಿಗೆ ಆಟದಿಂದ ಒಂದು ನೌಕರಿ ಸಿಗುವುದಿದ್ದರೆ, ಆ ಬಾಗಿಲು ತೆರೆಯುವುದೂ ಮುಚ್ಚುವುದೂ ಅಲ್ಲಿಯ ಕ್ರೀಡಾ ನಿಧಿಯೇ.

ಹಾಗಾದರೆ ಮಾಡುವುದೇನು? ಕಾಫಿಪುಡಿ ಎಷ್ಟು ದಿನಕ್ಕೆ ಮುಗಿಯಿತು, ಗ್ಯಾಸ್ ಸಿಲಿಂಡರ್ ಎಷ್ಟು ವಾರ ಬಂತು ಎಂದು ಲೆಕ್ಕ ಇಡುವವರು ನಾವು. ಈ ಲೆಕ್ಕವನ್ನೂ ಕೇಳೋಣ. ಪೋಷಕರ ಸಭೆಗೆ ಹೋಗಿ ನಾಲ್ಕೇ ಪ್ರಶ್ನೆ ಇಡಿ. ಕ್ರೀಡಾ ಶುಲ್ಕ ಒಟ್ಟು ಎಷ್ಟು ಬಂತು? ಅದರಲ್ಲಿ ಹುಡುಗಿಯರ ತಂಡಗಳಿಗೆ ಖರ್ಚಾದದ್ದು ಎಷ್ಟು? ಎಷ್ಟು ಪಂದ್ಯಾವಳಿಗಳಿಗೆ ಅವರನ್ನು ಕಳಿಸಿದಿರಿ? ಅಭ್ಯಾಸ ಮುಗಿದ ಮೇಲೆ ಅವರು ಮನೆ ಸೇರುವುದು ಹೇಗೆ? ಸರ್ಕಾರಿ ಕಾಲೇಜಿನಲ್ಲಿ ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನ ಕಾನೂನು 2005ರಿಂದಲೂ ಇದೆ, ಅರ್ಜಿಗೆ ಹತ್ತು ರೂಪಾಯಿ. ಕೊಪ್ಪ ತಾಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಅವರ ಹೆಸರಿನ ವಿಶ್ವವಿದ್ಯಾಲಯಕ್ಕೂ ಇದೇ ಪ್ರಶ್ನೆಗಳನ್ನು ಕಳಿಸಬಹುದು. ಒಬ್ಬಳೇ ಹೋಗಲು ಸಂಕೋಚವಾದರೆ ಮಹಿಳಾ ಸಮಾಜದ ನಾಲ್ಕು ಜನ ಒಟ್ಟಿಗೆ ಹೋಗಿ. ಲೆಕ್ಕ ಕೈಗೆ ಬರಲಿ. ಆಮೇಲೂ "ಹುಡುಗಿಯರೇ ಆಡುವುದಿಲ್ಲ" ಎಂದು ಹೇಳುವವರಿದ್ದರೆ ಆ ಕಾಗದವನ್ನು ಅವರ ಮುಂದೆ ಹಿಡಿದು, ಅಂಗಳ ಎಲ್ಲಿ ಡೊಂಕಾಗಿದೆಯೆಂದು ಬೆರಳಿಟ್ಟು ತೋರಿಸೋಣ.