ಚಳಿಗೆ ಎಣಿಕೆ ತಪ್ಪಿದ ಗಡಿಯಾರ

ಬಂಡೀಪುರದ ಕಾಡಂಚಿನಲ್ಲಿ, ಹಂಗಳದ ಬಳಿಯ ಹೊಲವೊಂದರ ಸೌರಬೇಲಿ ಕಡಿದರೆ ತೋಟದ ಮನೆಗೆ ಸುದ್ದಿ ಮುಟ್ಟಿಸಲೆಂದು ನಮ್ಮ ವಿದ್ಯಾರ್ಥಿಗಳು ಇರಿಸಿದ ಯಂತ್ರವು, ಹಗಲೆಲ್ಲ ಸರಿಯಾಗಿ ವರದಿಯೊಪ್ಪಿಸಿ, ನಸುಕಿನಲ್ಲಿ ಮಾತ್ರ ಅರ್ಥವಿಲ್ಲದ ಅಕ್ಷರಗಳನ್ನು ಕಳುಹಿಸತೊಡಗಿತು. ಆನೆಗಳು ಹೊಲಕ್ಕಿಳಿಯಬಹುದಾದ ಹೊತ್ತೂ ಅದೇ! ತಂತಿ ಸಡಿಲವಿರಬೇಕೆಂದು ನಾವೂ ಮೊದಲು ಬಗೆದೆವು.

ಒಳಗಿದ್ದುದು ಎ.ಟಿ.ಟೈನಿ 13 ಎಂಬ, 64 ಬೈಟುಗಳಷ್ಟೇ ರ‍್ಯಾಮ್ ಉಳ್ಳ ಮೈಕ್ರೋಕಂಟ್ರೋಲರು. ಬಿಟ್ಟುಗಳನ್ನು ಒಂದರ ಹಿಂದೊಂದಾಗಿ ಕಳುಹಿಸುವ ಯು.ಎ.ಆರ್.ಟಿ. ಎಂಬ ಅಂಗ ಅದಕ್ಕಿಲ್ಲವಾದುದರಿಂದ, ಪ್ರೋಗ್ರಾಮೇ ಕಾಲವನ್ನೆಣಿಸುತ್ತ ಪಿನ್ನಿನ ವೋಲ್ಟೇಜನ್ನು ಏರಿಸಿ ಇಳಿಸಬೇಕು. ಸೆಕೆಂಡಿಗೆ 9600 ಬಿಟ್ಟುಗಳ ವೇಗದಲ್ಲಿ ಒಂದು ಬಿಟ್ಟಿಗೆ ದೊರೆಯುವ ಕಾಲ ಸುಮಾರು 104 ಮೈಕ್ರೋಸೆಕೆಂಡು. 96 ಲಕ್ಷ ಹರ್ಟ್ಸ್‌ನ ಒಳಗಡಿಯಾರಕ್ಕೆ ಇದು 1000 ಬಡಿತ. ಗ್ರಾಹಕವು ಆರಂಭದ ಬಿಟ್ಟನ್ನು ಕಂಡೊಡನೆ ತಾನೂ ಎಣಿಸತೊಡಗಿ, ಪ್ರತಿ ಬಿಟ್ಟಿನ ನಡುವೆ ಇಣಿಕಿ ನೋಡುತ್ತದೆ. ಹತ್ತನೆಯ ಬಿಟ್ಟಿನ ವೇಳೆಗೆ ಎರಡೆಣಿಕೆಗಳ ನಡುವೆ ಅರ್ಧ ಬಿಟ್ಟಿನ, ಎಂದರೆ ಸುಮಾರು ಶೇಕಡಾ 5ರ, ಅಂತರ ಬಿದ್ದರೆ ಅಕ್ಷರ ಕೆಟ್ಟಂತೆಯೆ. ಕ್ವಾರ್ಟ್ಸ್ ಹರಳಿಲ್ಲದ ಒಳಗಡಿಯಾರದ ವೇಗವಾದರೋ ಉಷ್ಣತೆಯೊಡನೆ ಬದಲಾಗುವಂಥದು. ಹಗಲಿನಲ್ಲಿ ಗಡಿಯೊಳಗಿದ್ದ ತಪ್ಪು ನಸುಕಿನ ಚಳಿಗೆ ಗಡಿ ದಾಟಿತ್ತು.

ಯು.ಎ.ಆರ್.ಟಿ. ಇರುವ ಚಿಪ್ಪನ್ನೇ ಕೊಳ್ಳಬಾರದೇಕೆ ಎನ್ನುವವರುಂಟು. ಅದರ ಗಡಿಯಾರಕ್ಕೂ ಹರಳಿಲ್ಲದಿದ್ದರೆ ರೋಗ ಅದೇ. ರೋಗಿಗೆ ಮಾತ್ರ ತಿಳಿಯದು. ಆದುದರಿಂದ ಈ ಎಣಿಕೆಯನ್ನು ಪ್ರತಿ ವಿದ್ಯಾರ್ಥಿಯೂ ಒಮ್ಮೆಯಾದರೂ ಕೈಯಾರೆ ಬರೆದು, ಆಸಿಲೋಸ್ಕೋಪಿನಲ್ಲಿ ಅಳೆದು ನೋಡತಕ್ಕದ್ದೆಂದು ನಮ್ಮ ಅಭಿಪ್ರಾಯ. ಸಿದ್ಧ ಪ್ರೋಗ್ರಾಮನ್ನು ನಕಲುಮಾಡಿ ಪೂರ್ಣಾಂಕ ಪಡೆಯುವುದು ಆಮೇಲೂ ಆದೀತು.

ನಮ್ಮ ಹುಡುಗರು ಮೊದಲು ವೇಗವನ್ನು ತಗ್ಗಿಸಿದರು. ಶೇಕಡಾವಾರು ತಪ್ಪು ಹಾಗೆಯೇ ಉಳಿದುದರಿಂದ ಫಲವಾಗಲಿಲ್ಲ. ಈಗ ಗ್ರಾಹಕವು ಗೊತ್ತಾದ ಅಕ್ಷರವೊಂದನ್ನು ಮುಂಚಿತವಾಗಿ ಕಳುಹಿಸುತ್ತದೆ. ಬೇಲಿಯ ಯಂತ್ರವು ಅದನ್ನಳೆದು, ತನ್ನ 1000ವನ್ನು 960ಕ್ಕೋ 1040ಕ್ಕೋ ತಿದ್ದಿಕೊಂಡು ಮಾತನಾಡತೊಡಗುತ್ತದೆ.