ಬಂದೂಕು ಕೆಳಗಿಟ್ಟವರು ಹೇಡಿಗಳಲ್ಲ



ಫಾಕ್‌ಲ್ಯಾಂಡ್ ದ್ವೀಪಗಳ ಕಥೆಯನ್ನು ನಾನು ತರಗತಿಯಲ್ಲಿ ಹೇಳಿದಾಗ ಹಿಂದಿನ ಬೆಂಚಿನವರು ‘ಶರಣಾದ್ರಾ? ಹೇಡಿಗಳು ಬಿಡು!’ ಅಂತ ನಕ್ಕರು. ಆಗ ನನಗೆ ಉತ್ತರ ಹೊಳೆಯಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಈ ದ್ವೀಪಗಳು ದಕ್ಷಿಣ ಅಟ್ಲಾಂಟಿಕ್ ಸಾಗರದಲ್ಲಿವೆ. ಪಕ್ಕದ ದೇಶ ಅರ್ಜೆಂಟೀನಾ. ಆದರೆ 1833ರಿಂದ ಆಳುತ್ತಿರುವುದು 12,000 ಕಿ.ಮೀ.ಗಿಂತಲೂ ದೂರದ ಬ್ರಿಟನ್. ದ್ವೀಪಗಳು ನಮ್ಮವು ಅಂತ ಅರ್ಜೆಂಟೀನಾ ಇವತ್ತಿಗೂ ಹೇಳುತ್ತದೆ. ಯಾರ ಹಕ್ಕು ಸರಿ ಎಂಬುದು ಬೇರೆ ಮಾತು.

1982ರಲ್ಲಿ ಅಲ್ಲಿದ್ದ ಜನ ಸುಮಾರು 1,800. ಕುರಿ ಸಾಕಣೆಯೇ ಮುಖ್ಯ ಕಸುಬು. ಕಾವಲಿಗೆ ಸುಮಾರು 70 ಬ್ರಿಟಿಷ್ ಸೈನಿಕರು. ಜೊತೆಗೆ 1892ರಲ್ಲಿ ಶುರುವಾದ, ಊರವರದ್ದೇ ಆದ ಸ್ವಯಂಸೇವಕ ದಳ. ಅವರು ತಮ್ಮ ಕೆಲಸ ಮುಗಿಸಿ ಬಿಡುವಿನಲ್ಲಿ ಕವಾಯತು ಮಾಡುವವರು.

ಏಪ್ರಿಲ್ 2ರಂದು ಅರ್ಜೆಂಟೀನಾದ ನೂರಾರು ಸೈನಿಕರು ಬಂದಿಳಿದರು. ಹಿಂದಿನ ರಾತ್ರಿ ಕರೆ ಬಂದಾಗ ಇಪ್ಪತ್ತು ಚಿಲ್ಲರೆ ಸ್ವಯಂಸೇವಕರು ಎದ್ದು ಬಂದು, ಸ್ಟ್ಯಾನ್ಲಿ ಪಟ್ಟಣದ ಮುಖ್ಯ ಜಾಗಗಳನ್ನು ಕಾಯಲು ನಿಂತರು. ಬೆಳಿಗ್ಗೆ ಗವರ್ನರ್ ರೆಕ್ಸ್ ಹಂಟ್ ಶರಣಾಗಲು ಹೇಳಿದರು. ಇವರೂ ಬಂದೂಕು ಕೆಳಗಿಟ್ಟರು. ಆ ದಿನ ಊರಿನವರು ಒಬ್ಬರೂ ಸಾಯಲಿಲ್ಲ.

ಇದು ತಪ್ಪಾ? ನನ್ನ ಪ್ರಕಾರ ಅಲ್ಲ. ಮನೆಗಳ ನಡುವೆ ಗುಂಡು ಹಾರಿದರೆ ಸಾಯೋದು ಮನೆಯವರು. ಮುಂದೆ ಬ್ರಿಟನ್ನಿನ ಸೇನೆ ಬಂತು. ಜೂನ್‌ನಲ್ಲಿ ಬ್ರಿಟಿಷರದೇ ಶೆಲ್ ಗುರಿ ತಪ್ಪಿ ಸ್ಟ್ಯಾನ್ಲಿಯ ಒಂದು ಮನೆಗೆ ಬಿದ್ದು ಮೂವರು ಹೆಂಗಸರು ಸತ್ತರು. 74 ದಿನಗಳಲ್ಲಿ 649 ಅರ್ಜೆಂಟೀನಾದವರು, 255 ಬ್ರಿಟಿಷರು ಸತ್ತರು.

ಶರಣಾದ ಮೇಲೆ ಊರವರು ಸುಮ್ಮನೆ ಕೂರಲಿಲ್ಲ. ಹಿಂದೆ ಪೊಲೀಸ್ ಮುಖ್ಯಸ್ಥರಾಗಿದ್ದ ಟೆರ್ರಿ ಪೆಕ್ ಮೋಟಾರ್ ಸೈಕಲ್ ಹತ್ತಿ ತಪ್ಪಿಸಿಕೊಂಡು ಹೋಗಿ ಬ್ರಿಟಿಷ್ ಸೈನಿಕರಿಗೆ ದಾರಿ ತೋರಿಸಿದರು. ರೈತರು ತಮ್ಮ ಟ್ರ್ಯಾಕ್ಟರುಗಳಲ್ಲಿ ಮದ್ದುಗುಂಡು ಸಾಗಿಸಿದರು. ರಸ್ತೆಯಿಲ್ಲದ ಆ ಕೆಸರು ನೆಲ ಅವರಿಗೆ ತಾನೇ ಗೊತ್ತು!

ದೊಡ್ಡ ಸೇನೆಯನ್ನು ಇಪ್ಪತ್ತು ಮಂದಿ ತಡೆಯೋಕಾಗಲ್ಲ. ಅದು ಅವರಿಗೂ ಗೊತ್ತಿತ್ತು. ಗೊತ್ತಿದ್ದೂ ಕತ್ತಲಲ್ಲಿ ಎದ್ದು ಬಂದರಲ್ಲ, ಅದೇ ಧೈರ್ಯ. ಸಾಕು ಅಂದಾಗ ನಿಲ್ಲಿಸಿದ್ದು ವಿವೇಕ. ಎರಡೂ ಬೇಕು.

ಹಿಂದಿನ ಬೆಂಚಿನ ಗೆಳೆಯರೇ, ಆ ರಾತ್ರಿ ನಿಮ್ಮನ್ನು ಕರೆದಿದ್ದರೆ ಎದ್ದು ಹೋಗುತ್ತಿದ್ದಿರಾ? ಮುಂದಿನ ಸಂಚಿಕೆಗೆ ಉತ್ತರ ಬರೆದುಕೊಡಿ.

– 7ನೇ ತರಗತಿ